ಯಾವ ಮಾದೇವಿಯ ರಕ್ತ?

ನಮ್ಮ ಕಡೆ ಮದುವೆಯಾದ ಎಷ್ಟೋ ಹೆಂಗಸರಿಗೆ ಎರಡೆರಡು ಹೆಸರು. ತವರಿನಲ್ಲಿ ಕರೆದದ್ದು ಒಂದು, ಮದುವೆಯ ದಿನ ಗಂಡನ ಮನೆಯವರು ಇಟ್ಟದ್ದು ಇನ್ನೊಂದು. ಹೇರೂರಿನ ಗೋವಿಂದ ಹೆಗಡೆಯ ತಂಗಿಯದೂ ಅದೇ ಕಥೆ. ತವರಿನಲ್ಲಿ ಅವಳು ಮಾದೇವಿ. ನಂದೊಳ್ಳಿಯ ಸುಹಾಸ ಭಟ್ಟನ ಕೈ ಹಿಡಿದ ಮೇಲೆ ರಾಜೀವಿ. ಇದರಿಂದ ಯಾರಿಗೂ ಏನೂ ತೊಂದರೆ ಆಗಿರಲಿಲ್ಲ, 2002ರ ಆ ಒಂದು ದಿನದವರೆಗೆ.

ಅವತ್ತು ಬೆಳಗ್ಗೆ ಶಿರಸಿಯ ಒಂದು ನರ್ಸಿಂಗ್ ಹೋಮಿನಲ್ಲಿ ಅವಳಿಗೆ ಆಪರೇಷನ್ ಮಾಡಿ ಹೆಣ್ಣು ಮಗು ತೆಗೆದರು. ಮಗು ಗಟ್ಟಿಮುಟ್ಟು, ಅತ್ತದ್ದು ಬೀದಿಗೇ ಕೇಳಿತು! ತಾಯಿಗೆ ಮಾತ್ರ ತುಂಬ ರಕ್ತ ಹೋಗಿತ್ತು. "ಇವತ್ತೇ ಎರಡು ಬಾಟ್ಲಿ ರಕ್ತ ಕೊಡಬೇಕು, ಬೇಗ ತನ್ನಿ" ಎಂದರು ಡಾಕ್ಟರು. ನರ್ಸು ಬಾಣಂತಿಯನ್ನೇ ಹೆಸರು ಕೇಳಿ, ರಕ್ತ ತೆಗೆದು, ಟ್ಯೂಬಿನ ಮೇಲೆ "ರಾಜೀವಿ" ಎಂದು ಬರೆದಳು. ಫಾರಂ ಬರೆಯುವವರು ಬಾಗಿಲಲ್ಲಿ ನಿಂತಿದ್ದ ಗೋವಿಂದನನ್ನು ಕೇಳಿದರು.

"ಪೇಶಂಟ್ ಹೆಸರು?"

"ಮಾದೇವಿ."

ಹುಟ್ಟಿದಾಗಿನಿಂದ ಕರೆದ ಹೆಸರು. ಅಣ್ಣನ ಬಾಯಿಗೆ ಮತ್ತೇನು ಬರಬೇಕು, ಹೇಳಿ!

ಗೋವಿಂದ ತನ್ನ ಎಂ-80 ಗಾಡಿ ಹತ್ತಿ ಬ್ಲಡ್ ಬ್ಯಾಂಕಿಗೆ ಹಾರಿದ. ಅಲ್ಲಿನ ಟೆಕ್ನಿಷಿಯನ್ ಸಂಗಯ್ಯ ಬನವಾಸಿ ಕಡೆಯವನು. ಟ್ಯೂಬು ನೋಡಿದ, ಫಾರಂ ನೋಡಿದ, ಎರಡನ್ನೂ ಹಿಂದಕ್ಕೆ ತಳ್ಳಿದ.

"ಇದರಾಗ ರಾಜೀವಿ ಅಂತೈತಿ, ಇದರಾಗ ಮಾದೇವಿ. ಕೊಡಾಕ ಬರಂಗಿಲ್ರಿ. ಹೊಸಾ ಸ್ಯಾಂಪಲ್, ಹೊಸಾ ಫಾರಂ ತರ್ರಿ."

"ಎರಡೂ ಅವಳೇ ಮಾರಾಯ್ರೆ! ಒಡಹುಟ್ಟಿದವ ನಾನು ಹೇಳ್ತಾ ಇದ್ದೇನೆ. ಒಂದು ಹೆಸರು ಗೀಟು ಹೊಡೆದು ಇನ್ನೊಂದು ಬರೀರಿ, ಮುಗೀತು!"

"ನಿಮಗ ಗೊತ್ತೈತ್ರಿ, ಟ್ಯೂಬಿಗೆ ಗೊತ್ತಿಲ್ಲ. ತಿದ್ದಿದ ಚೀಟಿ ನಂಬಿ ರಕ್ತ ಕೊಡಂಗಿಲ್ಲ."

ಗೋವಿಂದನ ಪಿತ್ತ ನೆತ್ತಿಗೇರಿತು. ಅಷ್ಟರಲ್ಲಿ ಫ್ರಿಜ್ಜಿನ ಗಾಜಿನ ಬಾಗಿಲಿನಾಚೆ ಒಂದು ರಕ್ತದ ಚೀಲ ಕಂಡಿತು. ಅದಕ್ಕೆ ಕಟ್ಟಿದ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಮಾದೇವಿ!

"ಹೋಯ್! ಅಲ್ಲೇ ಇದೆಯಲ್ಲ! ತಯಾರು ಇಟ್ಟುಕೊಂಡು ನನ್ನನ್ನ ಆಟ ಆಡಿಸ್ತೀರಾ? ಕೊಡಿ ಇಲ್ಲಿ!"

ಸಂಗಯ್ಯ ಸಿಟ್ಟಾಗಲಿಲ್ಲ. ಚೀಲ ತೆಗೆದು ಅವನ ಕಣ್ಣೆದುರು ಹಿಡಿದ. "ಹೆಸರು ಓದಿದ್ರಿ. ಕೆಳಗಿಂದೂ ಓದ್ರಿ."

"ಮಾದೇವಿ... ವಯಸ್ಸು ಐವತ್ತೆರಡು... ಅರಬೈಲ್... ಬಿ ಪಾಸಿಟಿವ್..."

ತಂಗಿಗೆ ಇಪ್ಪತ್ತಾರು. ಅವಳದು ಓ ಗುಂಪು.

"ಆ ಅರಬೈಲಿನ ತಾಯಿಗೆ ಇದು ಜೀವ" ಎಂದ ಸಂಗಯ್ಯ. "ನಿಮ್ಮ ತಂಗಿಗೆ ಹಚ್ಚಿದ್ರ ಸ್ವಲ್ಪ ಹೋಗೋದ್ರಾಗ ಚಳಿ, ನಡುಕ, ಜೀವಕ್ಕ ಕುತ್ತು."

ಅಯ್ಯೋ ದೇವರೇ, ಅದೇ ಚೀಲಕ್ಕೆ ತಾನು ಕೈ ಚಾಚಿದ್ದೆನಲ್ಲ! ಗೋವಿಂದ ನರ್ಸಿಂಗ್ ಹೋಮಿಗೆ ಮರಳಲು ಎಂ-80ಗೆ ಒದ್ದ.

ತಂಗಿಯ ತುಟಿ ಬಿಳಿಚಿಕೊಂಡಿತ್ತು. "ಹೆದರಡ ತಂಗಿ, ರಕ್ತ ಈಗ ತತ್ತೆ. ಯಾರು ಕೇಳಿದ್ರೂ ಹೆಸರು ರಾಜೀವಿ ಹೇಳೇ ಹೇಳು" ಎಂದ ಗೋವಿಂದ ಮನೆಮಾತಿನಲ್ಲಿ.

"ಆನು ಅದನ್ನೇ ಹೇಳಿದ್ದಿ" ಎಂದಳು ಅವಳು ಅಷ್ಟು ಸುಸ್ತಿನಲ್ಲೂ. "ಮಾದೇವಿ ಹೇಳಿ ಬರೆಸಿದ್ದು ನೀನೇಯಾ!"

ನರ್ಸು ಮತ್ತೆ ರಕ್ತ ತೆಗೆದಳು. ಹಾಸಿಗೆಯ ಪಕ್ಕದಲ್ಲೇ ಟ್ಯೂಬಿನ ಮೇಲೆ ಹೆಸರು, ವಯಸ್ಸು, ಆಸ್ಪತ್ರೆಯ ನಂಬರು ಬರೆದಳು. ಫಾರಂ ಮೇಲೂ ಅದನ್ನೇ ಅಕ್ಷರ ತಪ್ಪದಂತೆ ಬರೆದರು. ಈ ಸಲ ಬ್ಲಡ್ ಬ್ಯಾಂಕಿನಲ್ಲಿ ಎರಡನ್ನೂ ನೋಡಿ ಸಂಗಯ್ಯ ನಕ್ಕ. ಗುಂಪು ನೋಡಿ, ಚೀಲದ ರಕ್ತ ಹೊಂದುತ್ತದೋ ಇಲ್ಲವೋ ಪರೀಕ್ಷೆ ಮಾಡಿ, ಚೀಟಿ ಕಟ್ಟುವಷ್ಟರಲ್ಲಿ ಒಂದು ಗಂಟೆ ಹಿಡಿಯಿತು. ಗೋವಿಂದ ನಿಂತಲ್ಲಿ ನಿಲ್ಲಲಾರದೆ ಚಡಪಡಿಸಿದ, ಆದರೆ "ಬೇಗ" ಎಂದು ಒಮ್ಮೆಯೂ ಅನ್ನಲಿಲ್ಲ.

"ರಕ್ತ ಮುಗಿಯೋತನಕ ಈ ಚೀಟಿ ಬಿಚ್ಚಬ್ಯಾಡ್ರಿ" ಎಂದು ಸಂಗಯ್ಯ ಎರಡು ಚೀಲ ಕೊಟ್ಟ.

ನರ್ಸಿಂಗ್ ಹೋಮಿನಲ್ಲಿ ಒಬ್ಬ ನರ್ಸು ಚೀಟಿ ಓದಿದಳು, ಇನ್ನೊಬ್ಬಳು ಕೇಸ್ ಪೇಪರ್ ನೋಡಿ ಹೌದೆಂದಳು. ಹೆಸರು, ಗುಂಪು, ಚೀಲದ ನಂಬರು, ಬಳಸಬೇಕಾದ ಕೊನೆಯ ತಾರೀಕು, ಎಲ್ಲ ಹೊಂದಿತು.

"ಸಿಸ್ಟರ್, ಇನ್ನೊಂದು ಸಲ ಓದಿ!" ಎಂದ ಗೋವಿಂದ.

"ಸಾಕೋ ಭಾವಾ!" ಎಂದು ತಂಗಿಯ ಗಂಡ ಸುಹಾಸ ನಕ್ಕುಬಿಟ್ಟ.

ಸಂಜೆಗೆ ರಾಜೀವಿಯ ಮುಖಕ್ಕೆ ಬಣ್ಣ ಬಂತು. ಮಗುವನ್ನು ಹತ್ತಿರ ಮಲಗಿಸಿಕೊಂಡಳು. ಗೋವಿಂದನಿಗೆ ಖುಷಿಗೆ ಕಣ್ಣಲ್ಲಿ ನೀರೇ ಬಂತು.

"ಎಂತ ಹೆಸರು ಇಡನ ಭಾವ?" ಸುಹಾಸ ಕೇಳಿದ.

"ಎಂತಾದ್ರೂ ಇಡಿ, ಆದ್ರೆ ಒಂದೇ! ನಾಳೆ ಇದರ ಮದುವೇಲಿ ಯಾರಾದ್ರೂ ಹೆಸರು ಬದಲು ಮಾಡ್ಲೆ ಬಂದ್ರೆ ಸೋದರಮಾವ ಆನು ಬಿಡ್ತ್ನಿಲ್ಲೆ!"

ನಿಮ್ಮ ಮನೆಯಲ್ಲೂ ಎರಡು ಹೆಸರಿನವರು ಇದ್ದಾರೆಯೇ? ಆಸ್ಪತ್ರೆಯ ಕಾಗದಗಳಲ್ಲೆಲ್ಲ ಒಂದೇ ಹೆಸರು ಬರೆಸಿ. ಮಾತಾಡುವ ಶಕ್ತಿಯಿದ್ದರೆ ರೋಗಿಯೇ ತನ್ನ ಹೆಸರು ಹೇಳಲಿ. ರಕ್ತ ಬಂದಾಗ "ಚೀಟಿ ಓದಿ ಹೇಳಿ" ಎಂದು ಧೈರ್ಯವಾಗಿ ಕೇಳಿ, ಒಂದಕ್ಷರ ಹೊಂದದಿದ್ದರೂ "ನಿಲ್ಲಿಸಿ" ಎನ್ನಿ. ರಕ್ತ ಏರಿಸುವಾಗ ಚಳಿ, ತುರಿಕೆ, ಉಸಿರುಕಟ್ಟು ಕಂಡರೆ ಕೂಡಲೇ ನರ್ಸನ್ನು ಕೂಗಿ. ಗೋವಿಂದನಿಗೆ ಅವತ್ತು ತಡವಾಯಿತು, ನಿಜ. ಆ ತಡದಿಂದಲೇ ತಂಗಿ ಉಳಿದಳು.