ಜಾರದ ನೆಲ

ಹರಿಣಿ ತೀರಿಕೊಂಡ ಮೇಲೆ ಅವಳ ಅಪ್ಪ ಚಂದ್ರಮೋಹನ, ಅಮ್ಮ ಪದ್ಮಾ ಪೀತಮ್‌ಪುರದ ಸ್ವಂತ ಮನೆಯಲ್ಲಿ ಇರಲಾರದೆ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿಗೆ ಬಂದರು. ಮಗಳು ಹನ್ನೊಂದು ವರ್ಷ ವೀಲ್‌ಚೇರಿನಲ್ಲಿ ಓಡಾಡಿದ ಮನೆ ಅದು. ಬಾಡಿಗೆಗೆ ಕೊಡೋಣವೆಂದರೆ, ನೋಡಲು ಬಂದವರೆಲ್ಲ ನೆಲದ ಮೇಲೆ ತೊಳೆದರೂ ಹೋಗದ ಗಾಲಿಯ ಗೆರೆಗಳನ್ನು ಕಂಡು ಮುಖ ಸಿಂಡರಿಸಿದರು. ಕೊನೆಗೆ ನೆಲವನ್ನೇ ಬದಲಿಸುವುದೆಂದಾಯಿತು.

ಟೈಲ್ಸ್ ಅಂಗಡಿಯವನು ಬೂದು ಬಣ್ಣದ ಟೈಲೊಂದನ್ನು ಮುಂದಿಟ್ಟ. "ಬಾಡಿಗೆ ಮನೆಗೆ ಇದೇ ಸರಿ, ಸಾಬ್. ಬೆಲೆಯೂ ಕಡಿಮೆ, ಕಲೆ ಕೂರಲ್ಲ, ಹದಿನೈದು ವರ್ಷ ಏನೂ ಆಗಲ್ಲ."

ಚಂದ್ರಮೋಹನ ಅದರ ಮೇಲೆ ಅಂಗೈ ಸವರಿ, "ವೀಲ್‌ಚೇರ್ ಜಾರಲ್ಲ ತಾನೇ, ಭಯ್ಯಾ?" ಎಂದ. ಏನು ಕೇಳಿದೆನೆಂದು ಹೊಳೆದದ್ದು ಆಮೇಲೆ. ಕೈ ಟೈಲಿನ ಮೇಲೇ ನಿಂತುಬಿಟ್ಟಿತು.

"ಬಾಡಿಗೆಗೆ ಬರೋರಲ್ಲಿ ಯಾರಾದ್ರೂ ವೀಲ್‌ಚೇರ್‌ನಲ್ಲಿ ಇದ್ದಾರಾ?" ಎಂದು ಅಂಗಡಿಯವನು ಕೇಳಿದ.

ಪದ್ಮಾ ಮುಂದೆ ಬಂದಳು. "ಜಾರದೇ ಇರೋದನ್ನೇ ಕೊಡಿ, ಭಯ್ಯಾ" ಎಂದಳು.

ಮರುವಾರ ಮೇಸ್ತ್ರಿ ಹಳೆಯ ನೆಲ ಒಡೆಯತೊಡಗಿದಾಗ ಅವಳು ನೋಡಲಾರದೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಹರಿಣಿಯ ಮಂಚದಿಂದ ಬಾಲ್ಕನಿಯವರೆಗಿನ ಗೆರೆಗಳು ಚೂರುಚೂರಾಗಿ ಗೋಣಿಚೀಲ ಸೇರುವವರೆಗೂ ಚಂದ್ರಮೋಹನ ಅಲ್ಲಿಂದ ಕದಲಲಿಲ್ಲ.

ಬಾಡಿಗೆಗೆ ಬಂದ ದಂಪತಿಗೆ ಹೊಸ ನೆಲ ತುಂಬ ಹಿಡಿಸಿತು. ಕೀಲಿಕೈ ಕೊಟ್ಟು ಮೆಟ್ರೋದಲ್ಲಿ ಹಿಂದಿರುಗುವಾಗ ಪದ್ಮಾ, "ಅವಳು ಆ ಮನೇಲಿ ಇದ್ದಳು ಅಂತ ಇನ್ನು ಯಾರಿಗೂ ಗೊತ್ತಾಗಲ್ಲ ರೀ" ಎಂದಳು. ಚಂದ್ರಮೋಹನ ಅವಳ ಕೈ ಹಿಡಿದುಕೊಂಡು, ಅಷ್ಟು ಜನರ ಎದುರಿಗೇ ಬಿಕ್ಕಿಬಿಕ್ಕಿ ಅತ್ತ.