ಕೊಟ್ಟೂರಪ್ಪನ ಕೈತುತ್ತು

ಗಂಜಿಯ ಮೇಲೆ ಕೆನೆ ಕಟ್ಟುತ್ತಿದೆ, ಊದಿದರೆ ಸುಕ್ಕಾಗುತ್ತದೆ, ಚಮಚದ ಅಂಚು ತಾಗಿದ್ದೇ ತಡ ತುಟಿ ಮತ್ತೆ ಬಿಗಿಯಿತು, ಬಿಗಿಯಲಿ, ಮದುವೆಯಾದ ನಲವತ್ತೈದು ವರ್ಷದಿಂದ ನೋಡುತ್ತಿರುವ ಹಟ ಇದು, ಬಲಗಡೆ ಪೂರ್ತಿ ಬಿದ್ದುಹೋಗಿ ಮಾತು ನಿಂತು ಮೂರು ತಿಂಗಳಾಯಿತು, ಹಟಕ್ಕೆ ಮಾತ್ರ ಲಕ್ವ ಹೊಡೆದಿಲ್ಲ, ಕಣ್ಣು ನನ್ನ ಮೇಲೇ ಇದೆ — ಹಾಗೆ ಏನು ನೋಡುತ್ತಾನೆ ನನ್ನ ಗಂಡ, ಗೊತ್ತಾಗಿದೆಯೇ, ಇಲ್ಲ, ಅಂಚೆಯ ಕಾರ್ಡು ಬಂದ ದಿನ ನಿದ್ದೆಯಲ್ಲಿದ್ದ, ನಿದ್ದೆಯಲ್ಲಿದ್ದನೇ? ಹೋದ ವಾರದವರೆಗೂ ನಾನು ಬೇಯಿಸಿಟ್ಟದ್ದನ್ನು ಎಡಗೈಯಲ್ಲೇ ಚೆಲ್ಲಿಕೊಂಡು ತಿಂದ, ನಾನು ಕೈ ಹಾಕಿದರೆ ತಳ್ಳಿದ, ಜ್ವರದಲ್ಲಿ ಆ ಕೈಯೂ ಸೋತ ಮೇಲೆ ನಾಲ್ಕು ದಿನದಿಂದ ಹೊಟ್ಟೆಗೆ ಬರೀ ನೀರು, ಡಾಕ್ಟರು ಬಾಗಿಲಲ್ಲಿ ನಿಂತು ಹೇಳಿದರು, ಇವತ್ತಾದ್ರೂ ಒಳಕ್ಕೆ ಏನಾದ್ರೂ ಹೋಗ್ಲೇಬೇಕು ಕಣಮ್ಮ, ಇಲ್ದಿದ್ರೆ ನನ್ನ ಕೈಲಿ ಏನೂ ಇಲ್ಲ. ಯಾರ ಹಂಗೂ ಇಲ್ಲದ ಮನುಷ್ಯ ಅಂತ ಹಿಂದೂಪುರದ ಈ ಮಗ್ಗದ ಬೀದಿಯೆಲ್ಲ ಹೊಗಳುತ್ತದೆ, ಮಿಲ್ಟ್ರಿ ಓಬಳೇಶಪ್ಪನ ಕೈ ಹಿಡ್ದ ನೀನು ಅದೃಷ್ಟವಂತೆ ಕಣೇ ಎರ್ರಮ್ಮ — ಅದೃಷ್ಟ! ತನ್ನ ಅಂಗಿ ತಾನೇ ಒಗೆದು, ಗುಂಡಿ ತಾನೇ ಹೊಲಿದು, ಎಪ್ಪತ್ತು ದಾಟಿದ ಮೇಲೂ ಸೈಕಲ್ ತುಳಿದು, ಮೊದಲ ದಿನ ನಾನು ಬಡಿಸಿದ ತಟ್ಟೆಯನ್ನು ನನ್ನ ಕಡೆಗೇ ಸರಿಸಿ, ನೀನು ಉಣ್ಣು, ನಂದು ನಾನು ಮಾಡ್ಕೊಂತೀನಿ, ಅಂದು ಒಂದು ಪುಟ್ಟ ಪಾತ್ರೆಯಲ್ಲಿ ತನ್ನ ಮುದ್ದೆ ತಾನೇ ತಿರುವಿಕೊಂಡ, ಅವತ್ತಿನಿಂದ ಅಷ್ಟೇ, ನಮ್ಮ ಮನೆಯಲ್ಲಿ ಎರಡು ಒಲೆ. ನನ್ನ ಅನ್ನದಾಗೆ ಇಸ ಐತಾ? ಕೇಳಿದೆ, ತನ್ನ ಪಾತ್ರೆ ತೊಳೆಯಲು ಎದ್ದ. ಕೆಟ್ಟವನಲ್ಲ, ನನಗೆ ಬಸಿರಿಳಿದಾಗ ಹನ್ನೊಂದು ದಿನ ತಾನೇ ಬೇಯಿಸಿ ತುತ್ತು ಕಲಸಿ ಬಾಯಿಗಿಟ್ಟವನು, ಕೊಡುವುದಕ್ಕೆ ಬರುತ್ತದೆ, ತೆಗೆದುಕೊಳ್ಳುವುದಕ್ಕೆ ಮಾತ್ರ ಬಾರದು. ಆದರೆ ತಿಂಗಳ ಮೊದಲ ಸೋಮವಾರ ತಲೆಗೆ ಎಣ್ಣೆ ಹಚ್ಚಿ ಕಲ್ಯಾಣದುರ್ಗದ ಬಸ್ಸು ಹತ್ತುತ್ತಿದ್ದ, ಮಿಲ್ಟ್ರಿ ಗೆಳೆಯ ಅವ್ನೆ, ನೋಡ್ಕೊಂಡು ಬತ್ತೀನಿ, ಸಂಜೆ ಬಂದಾಗ ಆ ಮುಖ, ಹೊಟ್ಟೆ ತುಂಬಿದ ಮುಖ, ಅವತ್ತು ಇವನ ಒಲೆ ಹತ್ತುತ್ತಲೇ ಇರಲಿಲ್ಲ. ಗೆಳೆಯನಂತೆ ಗೆಳೆಯ, ಯಾವಳೋ ಇದ್ದಾಳೆ, ಯಾವಳೋ ಬಡಿಸುತ್ತಾಳೆ, ಅಂದುಕೊಂಡೆ.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಅವನ ಹಿಂದೆಯೇ ಹೋದೆ, ಅವನ ಬಸ್ಸು ಬಿಟ್ಟ ಮೇಲೆ ಮುಂದಿನ ಬಸ್ಸು, ಎಕ್ಕಡಿಕಮ್ಮಾ, ಎಲ್ಲಿಗೆ, ಅಂತ ಕಂಡಕ್ಟರು ಕೇಳಿದರೆ ಕಿಟಕಿಯ ಕಡೆ ಮುಖ ಮಾಡಿ ಕಲ್ಯಾಣದುರ್ಗ ಅನ್ನುತ್ತೇನೆ, ರೊದ್ದಂ ದಾಟಿತು, ಕಂಬದೂರಿನಲ್ಲಿ ಕುರಿಯ ಹಿಂಡು ಅಡ್ಡ ಬಂದು ಅರ್ಧ ಗಂಟೆ, ಆ ಅರ್ಧ ಗಂಟೆಯಲ್ಲಿ ಅವಳಿಗೆ ಎಷ್ಟು ಮುಖ ಕೊಟ್ಟೆನೋ, ಬಿಳುಪು, ಕಪ್ಪು, ಮೂಗುತಿ, ಎಳೆಯವಳು, ವಿಧವೆ. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಕೇಳಿದೆ, ಒಬ್ಬ ಕೈ ತೋರಿಸಿದ, ಉದ್ದನೆ ಮಿಲ್ಟ್ರಿ ಮನುಷ್ಯನಾ, ಕೊಟ್ಟೂರಪ್ಪನ ಕಿರಾಣಿ ಅಂಗ್ಡಿ ಹಿತ್ತಲಾಗವ್ನೆ ನೋಡಮ್ಮ. ಹಿತ್ತಲ ಬಾಗಿಲು ಅರೆ ತೆರೆದಿತ್ತು. ಹೆಂಗಸಿರಲಿಲ್ಲ. ವಿಭೂತಿ ಬಳಿದ, ಕೊರಳಲ್ಲಿ ಲಿಂಗ ಕಟ್ಟಿದ ಒಬ್ಬ ಗಿಡ್ಡ ಗಂಡಸು ತಟ್ಟೆಯಲ್ಲಿ ಅನ್ನ ಸಾರು ಕಲಸುತ್ತಾನೆ, ಮೊದಲು ತಾನೊಂದು ತುತ್ತು ತಿನ್ನುತ್ತಾನೆ, ಆಮೇಲೆ ಇನ್ನೊಂದು ತುತ್ತು ಎತ್ತುತ್ತಾನೆ, ನನ್ನ ಗಂಡ ಗೋಡೆಗೆ ಒರಗಿ ಕಣ್ಣು ಮುಚ್ಚಿ ಬಾಯಿ ತೆರೆಯುತ್ತಾನೆ, ಗುಬ್ಬಿ ಮರಿಯ ಹಾಗೆ, ಐವತ್ತೈದು ವರ್ಷದ ಗಂಡಸು. ಹೆಂಗಸಿದ್ದಿದ್ದರೆ ಜಡೆ ಹಿಡಿದು ಎಳೆಯುತ್ತಿದ್ದೆ, ಇವನನ್ನು ಏನು ಹಿಡಿದು ಎಳೆಯಲಿ. ನನ್ನ ಬಳೆ ಸದ್ದಾಗಿ ಕೊಟ್ಟೂರಪ್ಪ ಹೊರಗೆ ಬಂದ, ಕೈಯಲ್ಲಿ ಇನ್ನೂ ಅನ್ನ, ದನಿ ತಗ್ಗಿಸಿ ಹೇಳಿದ, ಸಿಂಗಾಪುರದಾಗೆ ಜಪಾನ್‌ನೋರ ಕೈಗೆ ಸಿಕ್ಕಿ ಮೂರೂವರೆ ವರ್ಸ ಸೆರೇಲಿದ್ವಿ ಕಣಮ್ಮ, ಅನ್ನ ಕೇಳಿದೋನ್ನ ಹೊಡೆಯೋರು, ಅವ್ರು ಹಾಕಿದ ಅನ್ನ ತಿಂದು ನಮ್ಮೋನೊಬ್ಬ ಕಣ್ಮುಂದೇನೇ ಸತ್ತೋದ, ಅವತ್ತಿಂದ ಇವ್ನು ಬಾಯೇ ಬಿಡಾಕಿಲ್ಲ, ಸಾಯಾಕ್ ಬಿದ್ದಿದ್ದ, ನಾನು ಮೊದ್ಲು ತಿಂದು ತೋರ್ಸಿ ತೋರ್ಸಿ ಉಣ್ಣಿಸಿ ಬದುಕಿಸ್ದೆ, ಅದೊಂದು ಅಭ್ಯಾಸ ಉಳ್ಕೊಂಬುಡ್ತು, ನೀನು ತಪ್ಪು ತಿಳೀಬ್ಯಾಡ. ತಪ್ಪು ತಿಳಿಯಲಿಲ್ಲ. ಹೊಟ್ಟೆ ಉರಿಯಿತು, ಅದು ಬೇರೆ. ಹಾಗಾದರೆ ಇಷ್ಟು ವರ್ಷ ನನ್ನ ಕೈಯೂ ಆ ಜಪಾನಿನವರ ಕೈಯೂ ಒಂದೇ ಲೆಕ್ಕವೇ.

ಈಗಲೂ ಅದೇ ಉಪಾಯ ಮಾಡಿದೆನಲ್ಲ, ಅವನ ಕಣ್ಣೆದುರೇ ಒಂದು ಚಮಚ ಕುಡಿದೆ, ನೋಡು, ನಾನು ಕುಡ್ದೆ, ಏನಾಯ್ತು ನಂಗೆ, ಆದರೂ ತುಟಿ ಬಿಗಿ, ಅಂದರೆ ಸಂಶಯ ಗಂಜಿಯ ಮೇಲಲ್ಲ, ನನ್ನ ಮೇಲೆ. ಎರಡು ತಿಂಗಳ ಹಿಂದೆ ಪೋಸ್ಟ್‌ಮ್ಯಾನ್ ಮುತ್ಯಾಲಪ್ಪ ಬಾಗಿಲಲ್ಲಿ ನಿಂತು ನನಗಾಗಿ ಓದಿದ, ಕೊಟ್ಟೂರಪ್ಪನ ತಂಗಿ ತೆಲುಗಿನಲ್ಲಿ ಬರೆಸಿದ ಕಾರ್ಡು, ಮಾ ಅನ್ನ ಪೋಯಾಡು, ಅಣ್ಣ ಹೋಗ್ಬುಟ್ಟ ಅಂತೆ ಕಣಮ್ಮ, ಎಷ್ಟು ಗಟ್ಟಿಯಾಗಿ ಓದಿದ, ಆ ಮುತ್ಯಾಲಪ್ಪನಿಗೆ ಮೆಲ್ಲಗೆ ಮಾತಾಡಿ ಗೊತ್ತೇ ಇಲ್ಲ, ಮಂಚ ಬಾಗಿಲಿಗೆ ಮೂರು ಮಾರು. ಕಾರ್ಡನ್ನು ರಾಗಿ ಡಬ್ಬಿಯೊಳಗೆ ಬಚ್ಚಿಟ್ಟೆ. ಇವನ ಎದೆ ಒಡೆದೀತು ಅಂತಲೇ ಬಚ್ಚಿಟ್ಟೆನೇ, ಅಥವಾ ಇನ್ನು ನಾನೊಬ್ಬಳೇ ಉಳಿದೆ ಅಂತ ಒಳಗೊಳಗೇ ಹಿಗ್ಗಿದೆನೇ, ನನ್ನ ಮೇಲೆ ನನಗೇ ನಂಬಿಕೆಯಿಲ್ಲ. ಕೇಳಿಸಿಕೊಂಡಿದ್ದಾನೆ, ಖಂಡಿತ, ಎರಡು ತಿಂಗಳಿಂದ ನಾನು ಬಾಯಿ ಬಿಡಲಿ ಅಂತ ಕಾಯುತ್ತಿದ್ದಾನೆ, ಅದಕ್ಕೇ ತನ್ನದು ಮುಚ್ಚಿದ್ದಾನೆ. ಹೇಳಿಬಿಡುತ್ತೇನೆ, ಹೇಳುತ್ತಿದ್ದೇನೆ, ಕೊಟ್ಟೂರಪ್ಪ ಹೋಗ್ಬುಟ್ಟ ಕಣಪ್ಪ, ಕಾರ್ಡು ಬಂದಿತ್ತು, ನಾನೇ ಬಚ್ಚಿಟ್ಟೆ, ನಂಗೆ ಹೊಟ್ಟೆಕಿಚ್ಚಿತ್ತು. ಕಣ್ಣು ನನ್ನ ಮೇಲೇ ನಿಂತಿತು, ನಿಂತೇ ಇತ್ತು, ಆಮೇಲೆ ಮುಚ್ಚಿತು. ಗದ್ದ ನಡುಗಿತು, ತುಟಿ ಬಿಚ್ಚಿತು, ಅಳುವುದಕ್ಕೋ ಉಣ್ಣುವುದಕ್ಕೋ ತಿಳಿಯಲಿಲ್ಲ, ಚಮಚ ಕೆಳಗಿಟ್ಟು ಎರಡು ಬೆರಳಲ್ಲಿ ಗಂಜಿ ತೆಗೆದು ನಾಲಿಗೆಯ ಮೇಲಿಟ್ಟೆ, ಕೈ ಸುಡುತ್ತಿದೆ ಅವನ ಜ್ವರಕ್ಕೆ, ಗಂಟಲ ಗಂಟು ಮೇಲೇರಿತು, ಇಳಿಯಿತು, ನುಂಗಿದ. ನುಂಗಿದ. ಕಣ್ಣು ತೆರೆಯಲಿಲ್ಲ — ಯಾರ ಕೈ ಅಂದುಕೊಂಡಿದ್ದಾನೋ, ಎರ್ರಮ್ಮನದೋ, ಕೊಟ್ಟೂರಪ್ಪನದೋ, ಕೇಳಬಾರದು, ಬಳೆ ಸದ್ದಾಗದ ಹಾಗೆ ಮೇಲಕ್ಕೆ ಸರಿಸಿಕೊಂಡೆ, ಬಾಯಿ ಮತ್ತೆ ತೆರೆದಿದೆ, ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ