ಮೂಲೆ ಹರಿದ ಕಾಗದಗಳು

ಪುಕ್ಕಲನಾಗಿ ಬಾಳುವುದಕ್ಕೂ ಒಂದು ಶಿಸ್ತು ಬೇಕು. ಅದು ನನ್ನಲ್ಲಿ ಬೇಕಾದಷ್ಟಿತ್ತು. ಲಖನನಿಂದ ಕಾಗದ ಬಂದರೆ ಕೋಲ್ಡ್ ಸ್ಟೋರೇಜಿನ ಹಿಂದಿನ ಬೇವಿನ ಮರದ ಕೆಳಗೆ ನಿಂತು ಓದುತ್ತಿದ್ದೆ. ಓದಿದ ಮೇಲೆ ಒಮಾನಿನ ಸ್ಟ್ಯಾಂಪು ಹಚ್ಚಿದ ಲಕೋಟೆಯನ್ನು ಚಹಾದಂಗಡಿಯ ಒಲೆಗೆ ಹಾಕುತ್ತಿದ್ದೆ. ಆಮೇಲೆ ಕಾಗದದ ಬಲಗಡೆಯ ಮೇಲಿನ ಮೂಲೆಯನ್ನು ಹರಿದು ಅದನ್ನೂ ಅದೇ ಒಲೆಗೆ ಹಾಕುತ್ತಿದ್ದೆ. ಶಾಲೆಯಲ್ಲಿ ಮಾಸ್ತರರು ಕಲಿಸಿದ್ದನ್ನು ಲಖನ ಮರೆತಿರಲಿಲ್ಲ. ಆ ಮೂಲೆಯಲ್ಲಿ ತನ್ನ ಹೆಸರು, ಊರು, ತಾರೀಖು ನೀಟಾಗಿ ಬರೆಯುತ್ತಿದ್ದ. ಕೊನೆಯಲ್ಲಿ ಮಾತ್ರ ‘ನಿನ್ನಾಂವ’ ಅಂತ ಅಷ್ಟೇ. ಮೂಲೆ ಹೋಯಿತೆಂದರೆ ಅದು ಯಾರು, ಎಲ್ಲಿಂದ ಬರೆದದ್ದು ಅಂತ ಯಾವ ಜಾಣನಿಗೂ ಗೊತ್ತಾಗುವಂತಿರಲಿಲ್ಲ.

ಚಹಾದಂಗಡಿಯವನು ಒಮ್ಮೆ ಕೇಳಿದ್ದ: “ಏನ್ರಿ ದುಂಡೇಶ ಅಣ್ಣಾರ, ವಾರಕ್ಕೊಮ್ಮಿ ಏನರ ಸುಡತೀರಲ್ಲ?” ಹಳೆಯ ರಸೀದಿ ಅಂದೆ. ಕಾಗವಾಡದಲ್ಲಿ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನ ಗುಮಾಸ್ತ ನಾನು. ಗುಮಾಸ್ತ ರಸೀದಿ ಸುಟ್ಟರೆ ಯಾರು ಬೇಡ ಅನ್ನುತ್ತಾರೆ?

ಲಖನ ದಿಗ್ಗೇವಾಡಿಯವನು. ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ೨೦೦೩ರಲ್ಲಿ ಮಿರಜಿಗೆ ಹೋಗುವ ಪ್ಯಾಸೆಂಜರಿನಲ್ಲಿ ನನ್ನೆದುರು ಕೂತು, ಒಂದು ಮಾತೂ ಕೇಳದೆ ನನ್ನ ಪೊಟ್ಟಣದೊಳಗಿನ ಶೇಂಗಾ ತಿನ್ನಲು ಶುರು ಮಾಡಿದ. ನಾನು ದಿಟ್ಟಿಸಿ ನೋಡಿದರೆ, “ನೋಡಾಕ ಏನೈತಿ, ನೀವೂ ತಗೋರಿ,” ಅಂದ, ನನ್ನ ಶೇಂಗಾವನ್ನು ನನಗೇ ಕೊಡುತ್ತ. ಅಂಥ ಭಂಡ. ಮಿರಜ ಬರುವಷ್ಟರಲ್ಲಿ ನಾನು ಅವನವನಾಗಿದ್ದೆ. ಇದನ್ನು ಇದಕ್ಕಿಂತ ಸಭ್ಯವಾಗಿ ಹೇಳಲು ನನಗೆ ಬರುವುದಿಲ್ಲ.

ಅವನು ಬೌದ್ಧರಾದ ದಲಿತರ ಓಣಿಯವನು, ನಾನು ಕುರಿ ಕಾಯುವವರ ಮನೆಯವನು. ಒಬ್ಬರ ಮನೆಯ ಪಡಸಾಲೆಯಲ್ಲಿ ಇನ್ನೊಬ್ಬರು ಹೋಗಿ ಕೂಡಲು ಒಂದು ನೆಪವೂ ಇರಲಿಲ್ಲ. ಮೂರು ವರ್ಷ ರೈಲಿನಲ್ಲಿ, ಹೊಳೆದಂಡೆಯಲ್ಲಿ, ಕಬ್ಬಿನ ಗಾಡಿಗಳ ಮರೆಯಲ್ಲಿ ಹೇಗೋ ನಡೆಯಿತು. ಅಷ್ಟರಲ್ಲಿ ಅವನ ಮನೆಯವರು ಕನ್ಯಾ ನೋಡಲು ಶುರು ಮಾಡಿದರು. ಲಖನ ಪಾಸ್‌ಪೋರ್ಟ್ ಮಾಡಿಸಿ ಒಮಾನಿಗೆ ಹೊರಟ. ದುಡಿಯಲು ಹೊರಟ ಹುಡುಗನಿಗೆ ಯಾರೂ ಲಗ್ನದ ಒತ್ತಾಯ ಮಾಡುವುದಿಲ್ಲವಲ್ಲ. ಮಿರಜ ಸ್ಟೇಷನ್ನಿನಲ್ಲಿ ಅವನ ಮನೆಯವರೆಲ್ಲ ಹೂವಿನ ಹಾರ ಹಿಡಿದು ನಿಂತಿದ್ದರು. ನಾನು ಸೂಟ್‌ಕೇಸ್ ಹಿಡಿದು ಹಮಾಲನಂತೆ ಹಿಂದೆ ನಿಂತಿದ್ದೆ. ಅವನ ತಾಯಿ ನನಗೂ ಒಂದು ಪೇಢೆ ಕೊಟ್ಟಳು.

ಫೋನು ಇರಲಿಲ್ಲವೇ ಅಂತ ಕೇಳಬಹುದು. ಇತ್ತು. ಆದರೆ ಒಮಾನಿನ ಸೊಹಾರಿನಲ್ಲಿ ಅವನಿದ್ದ ಕೂಲಿಗಾರರ ಕ್ಯಾಂಪಿನಲ್ಲಿ ಒಂದು ಕೋಣೆಗೆ ಎಂಟು ಮಂದಿ. ಅವರಲ್ಲಿ ಇಬ್ಬರು ನಮ್ಮ ರಾಯಬಾಗ ಕಡೆಯವರೇ. ಅವರ ಕಿವಿಯ ಮುಂದೆ ಮಳೆ, ದ್ರಾಕ್ಷಿ ರೇಟು, ಅವ್ವನ ಮೊಣಕಾಲು ಇಷ್ಟೇ ಮಾತು ಸಾಧ್ಯ. ಉಳಿದದ್ದಕ್ಕೆ ಕಾಗದವೇ ಗತಿ. ದಿನಾ ರಾತ್ರಿ ನಾಲ್ಕು ಸಾಲು ಬರೆದಿಟ್ಟು ಶುಕ್ರವಾರ ರಜೆಯ ದಿನ ಟಪಾಲಿಗೆ ಹಾಕುತ್ತಿದ್ದ. ದಿನಚರಿಯೂ ಅದೇ, ಕಾಗದವೂ ಅದೇ. ಮಾತನಾಡಿದಂತೆಯೇ ಬರೆಯುತ್ತಿದ್ದ.

‘ಇಲ್ಲಿ ಬಾಯ್ಲರ ಮುಂದಿಂದ ಎದ್ದು ಹೊರಗ ಬಂದ್ರ ಹೊರಗೂ ಬಾಯ್ಲರ ಐತಿ.’ ಇದು ಮೊದಲ ಬೇಸಿಗೆಯದು.

‘ಊರಾಗ ಎಲ್ಲಾರೂ ಲಗ್ನ ಯಾವಾಗ ಅಂತ ಕೇಳತಿದ್ರು. ಇಲ್ಲಿ ಯಾರೂ ಕೇಳಂಗಿಲ್ಲ. ಹೇಣ್ತಿ ಇದ್ದಂವರೂ ಇಲ್ಲಿ ಒಬ್ಬೊಬ್ಬರ. ಎಲ್ಲಾರೂ ಒಂಟಿ ಇರೂ ಕಡೆ ನಾ ಒಂಟಿ ಅನ್ನೋದು ಯಾರಿಗೂ ಕಾಣಂಗಿಲ್ಲ. ಚಲೋನೂ ಆತು, ಕೆಟ್ಟೂ ಆತು.’

ಒಮ್ಮೆ ಮಸ್ಕತ್ತಿಗೆ ಹೋಗಿ ಬಂದು ಬರೆದಿದ್ದ: ‘ಸಮುದ್ರದ ದಂಡಿ ಬಜಾರದಾಗ ಇಬ್ಬರು ಬಿಳೇ ಮುದುಕರನ್ನ ನೋಡಿದೆ. ಮೀನದ ರೇಟಿಗೆ ಒಬ್ಬಂವ ಇನ್ನೊಬ್ಬಂಗ ಬೈಯಾಕತ್ತಿದ್ದ. ಬೈಕೋತ ಬೈಕೋತನ ಅವನ ಅಂಗಿ ಗುಂಡಿ ಹಾಕಿದ. ನಾ ಅವರ ಹಿಂದಿಂದ ಅರ್ಧಾ ಬಜಾರ ಅಡ್ಡಾಡಿದೆ. ನಾವು ಮುದುಕರಾದ ಮ್ಯಾಲೆ ನೀ ನನಗ ಹಿಂಗ ಬೈಬೇಕು ನೋಡು.’

ಎರಡು ವರ್ಷಕ್ಕೊಮ್ಮೆ ರಜೆಗೆ ಬಂದಾಗ ಅವನ ಮನೆ ತುಂಬ ಬೀಗರು, ಬಳಗ. ಅದರೊಳಗಿಂದ ನನ್ನ ಪಾಲಿಗೆ ಒಂದೆರಡು ದಿನ ಸಿಕ್ಕರೆ ಹೆಚ್ಚು. ೨೦೧೦ರಲ್ಲಿ ಕೊಲ್ಲಾಪುರಕ್ಕೆ ಹೋದೆವು. ಲಾಡ್ಜಿನವನು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ನೀವು ಒಬ್ಬರಿಗೊಬ್ಬರು ಏನಾಗಬೇಕು ಅಂತ ಕೇಳಿದ. ಲಖನ ಕಣ್ಣು ಮಿಟುಕಿಸದೆ “ಸಾಡೂ” ಅಂದ. ಲಗ್ನವೇ ಆಗದ ನಾವಿಬ್ಬರೂ ಒಂದೇ ಮನೆಯ ಅಕ್ಕತಂಗಿಯರ ಗಂಡಂದಿರಾದೆವು! ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅಲ್ಲಿಂದ ಮುಂದೆ ಅವನ ಎಲ್ಲ ಕಾಗದಗಳೂ ‘ಪ್ರೀತಿಯ ಸಾಡೂ’ ಅಂತಲೇ ಶುರುವಾದವು.

೨೦೧೨ರ ಮಳೆಗಾಲದಲ್ಲಿ ಕಾಗದ ಬರುವುದು ನಿಂತಿತು. ಫೋನು ಹತ್ತುತ್ತಿರಲಿಲ್ಲ. ಬೇರೆ ಕಂಪನಿಗೆ ಹೋಗಿರಬೇಕು, ನಂಬರು ಬದಲಿಯಾಗಿರಬೇಕು ಅಂದುಕೊಂಡೆ. ಸಿಟ್ಟೂ ಬಂದಿತ್ತು. ಬರಲಿ, ಮೂರು ದಿನ ಮಾತೇ ಆಡುವುದಿಲ್ಲ ಅಂತ ನಿಶ್ಚಯ ಮಾಡಿಕೊಂಡಿದ್ದೆ.

ಶ್ರಾವಣದಲ್ಲಿ ದಿಗ್ಗೇವಾಡಿಯ ಭರಮು ತನ್ನ ಒಣದ್ರಾಕ್ಷಿ ಬಾಕ್ಸು ಬಿಡಿಸಿಕೊಂಡು ಹೋಗಲು ಬಂದ. ನಾನು ರಸೀದಿ ಬರೆಯುತ್ತಿದ್ದೆ.

“ನಮ್ಮೂರ ಲಖನ ನಿಮಗ ಗುರ್ತ ಇದ್ನಲ್ರಿ?” ಅಂದ. “ಹೋದ್ನರಿ ಪಾಪ. ಡ್ಯೂಟಿ ಮ್ಯಾಲೇ ಹಾರ್ಟ್ ನಿಂತತಂತ. ಪೆಟ್ಟಿಗ್ಯಾಗ ಹೆಣಾ ಬಂತು, ಎಲ್ಲಾ ಮುಗಿಸಿದ್ರು.”

“ಯಾವಾಗ?”

“ಅದಾಗಲೇ ಆಷಾಢದಾಗ. ಅದಿರ್ಲಿ, ತಾಸಗಾಂವ ಮಾರ್ಕೆಟ್ಟಿನ್ಯಾಗ ರೇಟ ಏನ ನಡದೈತಿ ಈಗ?”

ನಾನು ರೇಟು ಹೇಳಿದೆ. ರಸೀದಿ ಮುಗಿಸಿದೆ, ಸಹಿ ಹಾಕಿದೆ, ಕಾರ್ಬನ್ ತೆಗೆದು ಕೊಟ್ಟೆ.

ನಮ್ಮಲ್ಲಿ ಸಂಬಂಧಿಕರು ಸತ್ತ ಸುದ್ದಿ ಕೇಳಿದರೆ, ಎಷ್ಟು ತಡವಾಗಿ ಕೇಳಿದರೂ, ತಲೆಯ ಮೇಲೆ ನೀರು ಹಾಕಿಕೊಂಡೇ ಮನೆಯೊಳಗೆ ಕಾಲಿಡಬೇಕು. ಆ ಸಂಜೆ ಬಚ್ಚಲ ಬಾಗಿಲಲ್ಲಿ ನಿಂತೆ. ಹೊತ್ತಲ್ಲದ ಹೊತ್ತಿನಲ್ಲಿ ತಲೆ ತೊಯಿಸಿಕೊಂಡರೆ ಅವ್ವ ಯಾರು ಸತ್ತರು ಅಂತ ಕೇಳುತ್ತಾಳೆ. ಏನು ಹೇಳಲಿ? ಕಾಲಷ್ಟೇ ತೊಳೆದುಕೊಂಡು ಒಳಗೆ ಹೋಗಿ, ಅವಳು ಬಡಿಸಿದ ರೊಟ್ಟಿ ತಿಂದೆ. ಆ ರೊಟ್ಟಿ ಗಂಟಲೊಳಗೆ ಇಳಿದದ್ದಕ್ಕೆ ನನಗೆ ನನ್ನ ಮೇಲೆ ಇವತ್ತಿಗೂ ಸಿಟ್ಟಿದೆ.

ಒಂದು ರವಿವಾರ ದಿಗ್ಗೇವಾಡಿಗೆ ಅಂತ ಬಸ್ಸು ಹತ್ತಿದೆ. ಊರಿಗೆ ತಿರುಗುವ ಫಾಟಾದಲ್ಲಿ ಇಳಿದು, ಒಳಗೆ ಹೋಗುವ ರಸ್ತೆಯನ್ನು ನೋಡುತ್ತ ನಿಂತು, ತಿರುಗಿ ಬರುವ ಬಸ್ಸಿಗೇ ವಾಪಸು ಬಂದೆ. ಪೇಢೆ ಕೊಟ್ಟ ಆ ತಾಯಿಯ ಮುಂದೆ ಹೋಗಿ ನಾನು ಯಾರು ಅಂತ ಅಳಲಿ? ಅಳು ಬರಲೂ ಇಲ್ಲ. ಈ ಲೋಕದಲ್ಲಿ ಲಖನನದು ಅಂತ ನನ್ನ ಹತ್ತಿರ ಉಳಿದಿದ್ದು ಆ ಕಾಗದಗಳ ಗಂಟು ಒಂದೇ. ಒಂದು ಫೋಟೋ ಕೂಡ ಇಟ್ಟುಕೊಂಡಿರಲಿಲ್ಲ, ಅಷ್ಟು ಹುಷಾರಿ ನನ್ನದು. ಅವ್ವ ಹೊಲಕ್ಕೆ ಹೋದ ಹೊತ್ತು ನೋಡಿ ಗಂಟು ಬಿಚ್ಚಿ, ಒಂದೇ ಒಂದು ಕಾಗದ ಓದಿ, ಮತ್ತೆ ಕಟ್ಟಿಡುತ್ತಿದ್ದೆ. ಅದು ಮುಗಿಯದಿರಲಿ ಅನ್ನುವುದೊಂದೇ ನನ್ನ ಆಸೆಯಾಗಿತ್ತು.

ಗಂಟು ಇದ್ದದ್ದು ಟ್ರಂಕಿನ ತಳದಲ್ಲಿ, ತೀರಿಹೋದ ಅಪ್ಪನ ಕಂಬಳಿಯ ಮಡಿಕೆಯಲ್ಲಿ. ದಸರೆಗೆ ಮೊದಲು ಅವ್ವ ಮನೆಯ ಕೌದಿ, ಕಂಬಳಿ, ಹಾಸಿಗೆ ಎಲ್ಲ ತೆಗೆದು ಒಗೆಯುತ್ತಾಳೆ ಅಂತ ನನಗೆ ಗೊತ್ತಿತ್ತು. ಪ್ರತಿ ವರ್ಷ ಆ ವಾರ ಗಂಟನ್ನು ಆಫೀಸಿನ ಕಪಾಟಿಗೆ ಸಾಗಿಸುತ್ತಿದ್ದೆ. ಆ ವರ್ಷ ಮರೆತೆ. ದಸರೆ ಬಂದದ್ದೇ ನನ್ನ ತಲೆಯಲ್ಲಿ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದಾಗ ಬಚ್ಚಲ ಒಲೆ ಉರಿಯುತ್ತಿತ್ತು. ಅಂಗಳದ ತುಂಬ ಒದ್ದೆ ಕೌದಿಗಳು. ನನ್ನ ಅವ್ವ ಸಕ್ಕುಬಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಅಡ್ಡ ನಿಂತಿದ್ದಳು.

“ಅಲ್ಲೇ ನಿಂದ್ರು. ಹೊಸ್ತಲಾ ದಾಟಬ್ಯಾಡ.”

“ಯಾಕವ್ವ?”

“ಸತ್ತ ಸುದ್ದಿ ಕಾಗದ ಯಾರರ ಮನ್ಯಾಗ ಇಟ್ಕೋತಾರೇನೋ? ಅದೂ ನಿಮ್ಮಪ್ಪನ ಕಂಬಳ್ಯಾಗ! ಒಂದಲ್ಲ ಎರಡಲ್ಲ, ಗಂಟ ಕಟ್ಟಿ ಇಟ್ಟಿ!”

ಆಗ ನನಗೆ ಹೊಳೆಯಿತು. ನಾನು ಸಣ್ಣವನಿದ್ದಾಗ ಸಾವಿನ ಸುದ್ದಿ ಟಪಾಲಿನಲ್ಲೇ ಬರುತ್ತಿತ್ತು. ಅಂಥ ಕಾರ್ಡಿನ ಮೂಲೆ ಹರಿದಿರುತ್ತಿತ್ತು. ಅಕ್ಷರ ಬಾರದವರಿಗೂ ನೋಡಿದ ಕೂಡಲೇ ತಿಳಿಯಲಿ ಅಂತ ಆ ಗುರುತು. ಅದನ್ನು ಒಳಗೆ ತರುತ್ತಿರಲಿಲ್ಲ. ಬೀದಿಯಲ್ಲೇ ಓದಿಸಿ, ಅಲ್ಲೇ ಸುಟ್ಟು, ಮಿಂದು ಬರುತ್ತಿದ್ದರು. ಫೋನು ಬಂದ ಮೇಲೆ ಊರೇ ಆ ಪದ್ಧತಿಯನ್ನು ಮರೆತಿತ್ತು, ನಾನೂ ಮರೆತಿದ್ದೆ. ಅವ್ವನಿಗೆ ಓದಲು ಬಾರದು. ಕಾಗದದ ವಿಷಯದಲ್ಲಿ ಅವಳಿಗೆ ಗೊತ್ತಿದ್ದದ್ದು ಅದೊಂದೇ. ಬದುಕಿರುವಾಗಲೇ ಲಖನನ ಒಂದೊಂದು ಕಾಗದವನ್ನೂ ನಾನು ನನ್ನ ಕೈಯಾರೆ ಅವನ ಸಾವಿನ ಸುದ್ದಿ ಮಾಡಿ ಇಟ್ಟಿದ್ದೆ.

“ಎಲ್ಲಿ ಅದಾವ ಅವು?”

ಅವಳು ಬಚ್ಚಲ ಕಡೆ ನೋಡಿದಳು. ನಾನು ಓಡಿಹೋಗಿ ಒಲೆಯೊಳಗೆ ಕೈ ಹಾಕಿದೆ. ಬೂದಿ. ಇನ್ನೂ ಮಡಿಕೆ ಮಡಿಕೆಯಾಗಿದ್ದ ಕರಿ ಬೂದಿ, ಮುಟ್ಟಿದರೆ ಪುಡಿಯಾಯಿತು. ಅವ್ವ ರಟ್ಟೆ ಹಿಡಿದು ಹಿಂದಕ್ಕೆ ಜಗ್ಗಿದಳು.

“ಏನ ಮಾಡಿದಿ ಯವ್ವಾ! ಏನ ಮಾಡಿದಿ!” ಹೆತ್ತ ತಾಯಿಯ ಮೇಲೆ ಹಾಗೆ ಕೂಗಿದ್ದು ಅದೇ ಮೊದಲು. ಓಣಿಗೆಲ್ಲ ಕೇಳಿಸಿರಬೇಕು. ಕೇಳಿಸಲಿ ಅನ್ನಿಸಿತು.

ಅವಳು ತಿರುಗಿ ಬೈಯಲಿಲ್ಲ. ಸುಟ್ಟ ಬೆರಳುಗಳನ್ನು ತಣ್ಣೀರಲ್ಲಿ ಅದ್ದಿಸಿ, ಅಂಗಿಯ ಮೇಲೇ ನನ್ನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿದಳು. ಹಂಡೆಯ ನೀರು ಕುದಿಯುತ್ತಿತ್ತು. ತಣ್ಣೀರು ಬೆರೆಸಿ, ತಂಬಿಗೆ ತುಂಬಿಕೊಂಡು ಕೇಳಿದಳು: “ಯಾರ ಸತ್ತಾರೋ ತಮ್ಮಾ? ಇಷ್ಟ ಮಂದಿ ಸತ್ತಾರೇನು?”

“ಒಬ್ಬನ, ಅವ್ವ.”

“ಒಬ್ಬನ ಸುದ್ದಿ ಅಷ್ಟ ಸಲ ಬರೀತಾರ?”

ನಾನು ಸುಟ್ಟ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡೆ.

“ನಿನಗ ಏನಾಗಬೇಕಾಗಿತ್ತು ಅಂವ?”

ಕೊಲ್ಲಾಪುರದ ಲಾಡ್ಜಿನಲ್ಲಿ ನಡೆದ ಸುಳ್ಳು ಅವಳ ಮುಂದೆ ನಡೆಯುತ್ತಿರಲಿಲ್ಲ. ಬೇರೆ ಶಬ್ದ ನನಗೆ ಗೊತ್ತಿರಲಿಲ್ಲ. “ಲಖನ ಅಂತ,” ಅಂದೆ. “ದಿಗ್ಗೇವಾಡ್ಯಾಂವ. ಒಮಾನದಾಗ ಇದ್ದ.” ಆ ಹೆಸರು ನಮ್ಮ ಮನೆಯಲ್ಲಿ ಕೇಳಿಸಿದ್ದು ಅವತ್ತೇ ಮೊದಲು.

“ಮನ್ಯಾಗ ಯಾರ್ಯಾರ ಅದಾರ?”

“ತಂದಿ ತಾಯಿ ಅದಾರ. ಅಣ್ಣ ಅದಾನ.”

“ಹೇಣ್ತಿ?”

“ಇಲ್ಲ. ಲಗ್ನ ಆಗಿದ್ದಿಲ್ಲ.”

ತಂಬಿಗೆ ಅವ್ವನ ಕೈಯಲ್ಲೇ ಇತ್ತು. ನನ್ನ ಮುಖವನ್ನು, ಸುಟ್ಟ ಕೈಯನ್ನು ನೋಡಿದಳು. ನನಗೂ ಲಗ್ನವಾಗಿಲ್ಲ ಅನ್ನುವುದು ಅವಳಿಗೆ ಗೊತ್ತಿಲ್ಲದ್ದಲ್ಲ. ಹತ್ತು ವರ್ಷ ಅದಕ್ಕಾಗಿ ನನ್ನ ಜೀವ ತಿಂದು, ಈಚೆಗೆ ಯಾಕೋ ಬಿಟ್ಟಿದ್ದಳು.

“ತಾಯಿ ಆದಾಕಿ ತಾಯಿ ಅಳು ಅಳತಾಳ,” ಅಂದಳು ನಿಧಾನಕ್ಕೆ. “ಹೇಣ್ತಿ ಅಳೂ ಅಳು ಯಾರ ಅತ್ರು ಅವಂಗ?”

“ಯಾರೂ ಅತ್ತಿಲ್ಲ, ಅವ್ವ.”

“ಹಂಗಾರ ಅಳು. ನಾ ನೀರ ಹಾಕತೇನಿ, ಯಾರಿಗೂ ಕಾಣಂಗಿಲ್ಲ.”

ಮೊದಲ ತಂಬಿಗೆ ನೆತ್ತಿಯ ಮೇಲೆ ಬಿತ್ತು. ಅವನ ಆರು ವರ್ಷದ ಕಾಗದಗಳಿಂದ ಕಾದ ನೀರು ಕಿವಿ, ಕುತ್ತಿಗೆ, ಬೆನ್ನಿನ ಮೇಲಿಂದ ಇಳಿಯಿತು. ನನ್ನಿಂದ ಒಂದು ದನಿ ಹೊರಟಿತು. ಅದು ನನ್ನದೇ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನ ಹೆಸರು ಹಿಡಿದು ಅತ್ತೆ. ಹಂಡೆ ಬರಿದಾಗುವವರೆಗೂ ಅವ್ವ ತಂಬಿಗೆ ಕೆಳಗಿಡಲಿಲ್ಲ.